ಅಜ್ಜನನ್ನು ಅಳಿಸಿದ ಆರ್ಕಿಟೆಕ್ಚರ್

ಕಳೆದ ತಿಂಗಳು ನಾನೊಬ್ಬ ಮನುಷ್ಯನನ್ನು ಅಳಿಸಿಹಾಕಿದೆ.

ಗಾಬರಿಯಾಗಬೇಡಿ. ರಕ್ತ ಬರಲಿಲ್ಲ, ಪೊಲೀಸರೂ ಬರಲಿಲ್ಲ. ಬದಲಿಗೆ ನನಗೇ ಒಂದು ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಚಪ್ಪಾಳೆ ತಟ್ಟಿದರು. ಅಳಿಸಿಹೋದವರು ಶಿರಹಟ್ಟಿ ತಾಲೂಕಿನ ಅಡರಕಟ್ಟಿಯ ಫಕೀರಪ್ಪ ಬಸಪ್ಪ ಹೂಗಾರ ಎಂಬ ಹಿರಿಯರು. ಅವರ ಬಲಗಣ್ಣು ಎಂದೋ ಹೋಗಿದೆ. ಎಡಗಣ್ಣಿಗೆ ಪೊರೆ ಬಂದಿದೆ. ಇದ್ದ ಆ ಒಂದು ಕಣ್ಣಿಗೆ ಆಪರೇಷನ್ ಆಗಬೇಕಿದ್ದ ದಿನ ಅವರು ನನ್ನ ದಯೆಯಿಂದ ಮನೆಯಲ್ಲಿ ಕುಳಿತಿದ್ದರು.

ಮೊದಲಿನಿಂದ ಹೇಳಿಬಿಡುತ್ತೇನೆ, ನೀವೇ ಬೈಯಿರಿ.

ನಾನು ಗದಗಿನ ಕಾಲೇಜೊಂದರಲ್ಲಿ ಗಣಿತ ಕಲಿಸುವವನು ಎಂಬುದು ನಿಮಗೆ ಗೊತ್ತೇ ಇದೆ. (ನಿಮ್ಮಲ್ಲಿ ಕೆಲವರು ನನ್ನ ಕೈಯಲ್ಲೇ ಫೇಲಾದವರು.) ಹೋದ ವರ್ಷ ನಮ್ಮ ಕಾಲೇಜಿಗೊಂದು ಕಂಪ್ಯೂಟರ್ ಬಂತು. ಹುಬ್ಬಳ್ಳಿಗೆ ಹೋಗಿ ಆರು ವಾರದ ಕೋರ್ಸ್ ಮುಗಿಸಿ ಬಂದವನು ನಾನೊಬ್ಬನೇ ಆದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ಅದಕ್ಕೆ ಪ್ರತ್ಯೇಕ ಕೋಣೆ, ಕೋಣೆಗೆ ಏಸಿ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ನೋಡಲು ಬಂದ ಕೆಲವು ಪಾಲಕರು ಬಾಗಿಲಲ್ಲೇ ನಿಂತು ಕೈಮುಗಿಯುತ್ತಾರೆ. ಯಂತ್ರಕ್ಕೋ ನನಗೋ ಎಂದು ನಾನು ಕೇಳಲು ಹೋಗಿಲ್ಲ.

ನಮ್ಮೂರಲ್ಲಿ ವರ್ಷಕ್ಕೊಮ್ಮೆ ಪುಕ್ಕಟೆ ಕಣ್ಣಿನ ಶಿಬಿರ ನಡೆಯುತ್ತದೆ. ಮೊದಲು ಒಬ್ಬ ಡಾಕ್ಟರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಊರುಗಳಿಗೆ ಹೋಗಿ ಕಣ್ಣು ನೋಡಿ ಬರುತ್ತಾರೆ. ಯಾರಿಗೆ ಆಪರೇಷನ್, ಯಾರಿಗೆ ಬರೀ ಕನ್ನಡಕ ಎಂದು ಬರೆದುಕೊಳ್ಳುತ್ತಾರೆ. ಹದಿನೈದು ದಿನ ಬಿಟ್ಟು ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಎಲ್ಲರನ್ನೂ ಕರೆಸಿ ಕೆಲಸ ಮುಗಿಸುತ್ತಾರೆ. ಈ ಹೆಸರುಗಳ ಯಾದಿಯನ್ನು ಇಷ್ಟು ವರ್ಷ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ನಡೆಸಿದವರು ಬೆಟಗೇರಿಯ ನಿವೃತ್ತ ಶಿಕ್ಷಕ ಜೋಶಿ ಮಾಸ್ತರರು. ಎಂದೂ ಯಾರದೂ ತಪ್ಪಿದ್ದಿಲ್ಲ. ತಪ್ಪದೆ ನಡೆಯುತ್ತಿರುವ ಕೆಲಸ ಕಂಡರೆ ನನ್ನಂಥ ಓದಿದವರಿಗೆ ಸುಮ್ಮನಿರಲು ಆಗುತ್ತದೆಯೇ?

ಈ ಸಲ ಯಾದಿ ಕಂಪ್ಯೂಟರಿನಲ್ಲಿ, ಅಂದೆ.

ಶಿಬಿರದ ಪೂರ್ವಭಾವಿ ಸಭೆಯಲ್ಲಿ ನನಗೆ ಮೈಕು ಕೊಟ್ಟರು. ಕೊಡಬಾರದಿತ್ತು. ಆ ವಾರವಷ್ಟೇ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ 'ಸಾಫ್ಟ್‌ವೇರ್ ಆರ್ಕಿಟೆಕ್ಚರ್' ಎಂಬ ಮಾತು ಓದಿದ್ದೆ. ಓದಿದ್ದು ಅರ್ಧ ಪುಟ, ಮಾತಾಡಿದ್ದು ಮುಕ್ಕಾಲು ತಾಸು. ಪ್ರೋಗ್ರಾಂ ಬರೆಯುವುದು ಗುಮಾಸ್ತರ ಕೆಲಸ, ಅದರ ಆರ್ಕಿಟೆಕ್ಚರ್ ಮಾಡುವುದೇ ನಿಜವಾದ ವಿದ್ಯೆ ಎಂದೆ. (ಎರಡೂ ನಾನೇ ಮಾಡುವವನಿದ್ದೆ, ಅದು ಬೇರೆ ಮಾತು.) ಹಾಗಂದರೆ ಏನು ಎಂದು ಜೋಶಿ ಮಾಸ್ತರರು ಮುಂದಿನ ಸಾಲಿನಿಂದ ಕೇಳಿದರು. ಮನೆ ಕಟ್ಟುವ ಮೊದಲು ನಕ್ಷೆ ಮಾಡುತ್ತಾರಲ್ಲ, ಅದು ಎಂದೆ.

ಮಾಸ್ತರರು ತಮ್ಮ ಮನೆಗೆ ಯಾರೂ ನಕ್ಷೆ ಮಾಡಲಿಲ್ಲ, ಗೌಂಡಿ ಬಂದು ಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದ, ಅಷ್ಟೇ ಎಂದರು. ಸಭೆ ನಕ್ಕಿತು. ನಾನೂ ದೊಡ್ಡವರ ಹಾಗೆ ನಕ್ಕೆ.

ಆಮೇಲೆ ನನ್ನ ಆರ್ಕಿಟೆಕ್ಚರಿನ ಹೆಗ್ಗಳಿಕೆ ಹೇಳಿದೆ. ಪ್ರತಿ ವರ್ಷ ಕೆಲವರು ತಮ್ಮ ಊರಲ್ಲೊಮ್ಮೆ, ಪಕ್ಕದ ಊರಲ್ಲೊಮ್ಮೆ, ಹೀಗೆ ಎರಡು ಸಲ ಹೆಸರು ಬರೆಸುತ್ತಾರೆ. ನನ್ನ ಪ್ರೋಗ್ರಾಮಿನಲ್ಲಿ ಅದು ನಡೆಯುವುದಿಲ್ಲ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಈ ನಾಲ್ಕೂ ಒಂದೇ ಆದರೆ ಮನುಷ್ಯನೂ ಒಬ್ಬನೇ. ಎರಡನೆಯ ಸಲ ಬರೆದದ್ದು ಉಳಿಯುತ್ತದೆ, ಮೊದಲನೆಯದನ್ನು ಕಂಪ್ಯೂಟರ್ ತಾನೇ ತೆಗೆದುಹಾಕುತ್ತದೆ! ಆ ಚಪ್ಪಾಳೆ ಬಿದ್ದದ್ದು ಇದಕ್ಕೇ.

ಸಭೆ ಮುಗಿದ ಮೇಲೆ ಮಾಸ್ತರರು ಹತ್ತಿರ ಬಂದು, ತಾವು ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಿದ್ದುದನ್ನು ಹೇಳಿದರು. ಅದನ್ನೂ ಹಾಕಿಕೊಳ್ಳಬಾರದೇ ಎಂದು ಸಂಕೋಚದಿಂದಲೇ ಕೇಳಿದರು.

ನಾನು ಏನಂದೆ ಗೊತ್ತೇ? "ಮಾಸ್ತರ, ನಂಬರ ಹಾಕಿ ಕರಿಯೂದು ಜೇಲಿನ್ಯಾಗ. ಮನುಷ್ಯಾರಿಗೆ ಹೆಸರು ಇರ್ತಾವ."

ಎಂಥ ಮಾತು! ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಯಾದಿ ತಯಾರಾಯಿತು. ಅಂಚಿಗೆ ತೂತುಗಳಿರುವ ಉದ್ದನೆಯ ಕಾಗದದಲ್ಲಿ ಕಿರ್ ಕಿರ್ ಎಂದು ಛಾಪಾಗಿ ಬಂತು. ಊರೂರಿಗೆ ಪೋಸ್ಟ್‌ಕಾರ್ಡು ಹೋದವು. ನಮ್ಮ ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಎಲ್ಲವೂ ಇಂಗ್ಲಿಷಿನಲ್ಲಿ. ಜನ ಪೋಸ್ಟ್‌ಮನ್ನನ ಹತ್ತಿರವೋ ಶಾಲೆಯ ಮಾಸ್ತರರ ಹತ್ತಿರವೋ ಓದಿಸಿಕೊಂಡರಂತೆ.

ಶಿಬಿರದ ದಿನ ನಾನು ಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಯಾದಿ ಹಿಡಿದು ಕುಳಿತಿದ್ದೆ. ಜೋಶಿ ಮಾಸ್ತರರಿಗೆ ನೀರು ಕೊಡುವ ಕೆಲಸ ವಹಿಸಿದ್ದೆವು. ಹನ್ನೊಂದರ ಸುಮಾರಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಒಬ್ಬ ಗಟ್ಟಿಮುಟ್ಟು ಆಳು ಬಂದ. ಅಡರಕಟ್ಟಿಯಲ್ಲಿ ಟ್ರ್ಯಾಕ್ಟರ್ ಹೊಡೆಯುವವನಂತೆ. ಪೋಸ್ಟ್‌ಕಾರ್ಡು ಕೊಟ್ಟ. ಫಕೀರಪ್ಪ ಬಸಪ್ಪ ಹೂಗಾರ, ಕನ್ನಡಕ. ಯಾದಿಯಲ್ಲೂ ಹಾಗೇ ಇತ್ತು. ಕನ್ನಡಕ ಕೊಟ್ಟೆ. ಹಾಕಿಕೊಂಡು ಎದುರಿನ ಅಂಗಡಿಯ ಬೋರ್ಡು ಓದಿ ಖುಷಿಪಟ್ಟ. ಆಮೇಲೆ ಹೋಗದೆ ನಿಂತ.

"ಸರ, ನಮ್ಮ ಅಜ್ಜಂದು ಯಾಕ ಕಾಗದ ಬರ್ಲಿಲ್ರಿ? ಆಪರೇಷನ್ ಮಾಡ್ತೀವಿ ಅಂತ ಬರಕೊಂಡಿದ್ರು."

ಅಜ್ಜನ ಹೆಸರೇನು ಎಂದೆ. ಫಕೀರಪ್ಪ ಎಂದ. ಅದು ನಿನ್ನ ಹೆಸರಲ್ಲವೇ ಎಂದೆ. ಇಬ್ಬರದೂ ಅದೇ ಎಂದ. ನಾನು ಯಾದಿಯನ್ನು ಮೇಲಿಂದ ಕೆಳಗೆ ನೋಡಿ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂದು ಅವನಿಗೆ ಸಮಾಧಾನದಿಂದ ವಿವರಿಸಿದೆ. ಅಡರಕಟ್ಟಿಯಲ್ಲಿ ಆ ಹೆಸರಿನವರು ಒಬ್ಬರೇ ಇದ್ದಾರೆ ಎಂದೆ.

ಅವನು ಹೊಸ ಕನ್ನಡಕದಿಂದ ನನ್ನನ್ನೇ ನೋಡಿದ.

"ಹಂಗಾದ್ರ ಮನ್ಯಾಗ ಕುಂತಾರಲ್ರಿ, ಅವ್ರು ಯಾರು?"

ನೀರಿನ ಕೊಡ ಕೆಳಗಿಟ್ಟು ಜೋಶಿ ಮಾಸ್ತರರು ತಮ್ಮ ಚೀಲದಿಂದ ನೋಟ್‌ಬುಕ್ಕು ತೆಗೆದರು. (ಇರಲಿ ಎಂದು ಅದನ್ನೂ ಬರೆದಿಟ್ಟಿದ್ದರು, ಪುಣ್ಯಾತ್ಮರು.) ಒಂದರ ಕೆಳಗೊಂದು ಎರಡು ಸಾಲು. ಎರಡರಲ್ಲೂ ಫಕೀರಪ್ಪ ಬಸಪ್ಪ ಹೂಗಾರ. ಒಂದರ ಮುಂದೆ 'ಅಜ್ಜ, ಎಡಗಣ್ಣು, ಆಪರೇಷನ್'. ಇನ್ನೊಂದರ ಮುಂದೆ 'ಮೊಮ್ಮಗ, ಕನ್ನಡಕ'. ನಂಬರ್ ಬೇರೆ ಬೇರೆ.

ನಮ್ಮ ಕಡೆಯ ಪದ್ಧತಿ ನಿಮಗೆ ಬಿಡಿಸಿ ಹೇಳಬೇಕೇ? ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವೆ. ಈ ಅಜ್ಜ ಫಕೀರಪ್ಪ, ಅವರ ತಂದೆ ಬಸಪ್ಪ. ಮಗನಿಗೆ ಬಸಪ್ಪ ಎಂದು ಇಟ್ಟರು. ಆ ಬಸಪ್ಪ ತನ್ನ ಮಗನಿಗೆ ಫಕೀರಪ್ಪ ಎಂದು ಇಟ್ಟ. ಕಾಗದದ ಮೇಲೆ ಅಜ್ಜ ಮೊಮ್ಮಗ ಇಬ್ಬರೂ ಅಕ್ಷರ ಬಿಡದಂತೆ ಒಂದೇ. ಅಡ್ಡಹೆಸರು ಒಂದೇ, ಊರು ಒಂದೇ, ಮನೆ ಒಂದೇ. ಮೊದಲು ಕಣ್ಣು ತೋರಿಸಿದ ಅಜ್ಜನನ್ನು ಹಿಂದಿನಿಂದ ಬಂದ ಮೊಮ್ಮಗನ ಹೆಸರು ತಳ್ಳಿಹಾಕಿತ್ತು. ಸಾವಿರ ವರ್ಷದಿಂದ ಮನೆಮನೆಯಲ್ಲಿ ನಡೆದುಬಂದದ್ದು ಗಣಿತದ ಎಂ.ಎಸ್ಸಿ. ಒಬ್ಬನಿಗೆ ಮಾತ್ರ ಹೊಳೆದಿರಲಿಲ್ಲ.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ನಾಲ್ಕು ಗಂಟೆಯೊಳಗೆ ಕರೆತಂದರೆ ಮಾಡುತ್ತೇನೆ, ಆಮೇಲೆ ತಾವು ಹೊರಡಲೇಬೇಕು, ಮತ್ತೆ ಬರುವುದು ಮುಂದಿನ ವರ್ಷ ಎಂದರು. ಆ ಪೊರೆ ಇನ್ನೊಂದು ವರ್ಷ ಕಾಯುವಂತಿಲ್ಲ ಎಂದೂ ಹೇಳಿದರು.

ಈಗ ಯಾರಾದರೂ ಏನು ಮಾಡುತ್ತಾರೆ? ಅಡರಕಟ್ಟಿಗೆ ಓಡುತ್ತಾರೆ. ನಾನು ಕಾಲೇಜಿಗೆ ಓಡಿದೆ. ಎರಡೇ ನಿಮಿಷ, ಪ್ರೋಗ್ರಾಂ ಸರಿ ಮಾಡಿಬಿಡುತ್ತೇನೆ ಎಂದು ಚಪ್ಪಲಿ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ನಂಬರ್ ಸೇರಿಸಬೇಕು, ಅಷ್ಟೇ ತಾನೇ? ಸೇರಿಸಲು ಹೋದರೆ ಯಾದಿ ಜೋಡಿಸುವ ಪ್ರೋಗ್ರಾಂ ಹೆಸರು ಕೇಳುತ್ತದೆ. ಅದನ್ನು ತಿದ್ದಿದರೆ ಪೋಸ್ಟ್‌ಕಾರ್ಡಿನದು ನಿಂತಿತು. ಪೋಸ್ಟ್‌ಕಾರ್ಡಿನದನ್ನು ತಿದ್ದಿದರೆ ಕನ್ನಡಕದ್ದು ಬಾಯಿ ಬಿಟ್ಟಿತು. ನಾನು ಬರೆದ ಪ್ರತಿಯೊಂದು ಪ್ರೋಗ್ರಾಮೂ 'ಹೆಸರೇ ಮನುಷ್ಯ' ಎಂಬ ಆ ಒಂದು ನಂಬಿಕೆಯ ಮೇಲೆ ನಿಂತಿತ್ತು. ಅದನ್ನು ತೆಗೆಯಬೇಕಾದರೆ ಎಲ್ಲವನ್ನೂ ಕೆಡವಬೇಕು.

ಆಗ ಏಸಿಯಲ್ಲಿ ಕುಳಿತು ಬೆವರುತ್ತಿದ್ದ ನನಗೆ ಆರ್ಕಿಟೆಕ್ಚರ್ ಎಂದರೇನು ಎಂಬುದು ತಿಳಿಯಿತು. ಅದು ನಕ್ಷೆಯಲ್ಲ. ಪತ್ರಿಕೆಯಲ್ಲಿ ಹಾಕಿದ್ದ ಚೌಕ, ಬಾಣಗಳೂ ಅಲ್ಲ. ಮೊದಲ ದಿನ ಚಹಾ ಕುಡಿಯುತ್ತ, ಯಾರನ್ನೂ ಕೇಳದೆ, ಇದೇನು ಕೇಳುವ ಮಾತೇ ಎಂದು ಮಾಡಿಬಿಡುವ ತೀರ್ಮಾನವಿದೆಯಲ್ಲ, ಅದು. ಆಮೇಲೆ ಏನು ಬೇಕಾದರೂ ಬದಲಿಸಬಹುದು, ಅದೊಂದನ್ನು ಬಿಟ್ಟು.

ಗೋಡೆಯ ಗಡಿಯಾರ ಮಧ್ಯಾಹ್ನದ ಒಂದು ಗಂಟೆ ತೋರಿಸುತ್ತಿತ್ತು. ನನ್ನ ಹಿಂದೆಯೇ ಬಂದಿದ್ದ ಮೊಮ್ಮಗ ಫಕೀರಪ್ಪ ಬಾಗಿಲಲ್ಲಿ ನಿಂತಿದ್ದ.

"ಸರ, ಅದನ್ನ ಆಮ್ಯಾಲೆ ರಿಪೇರಿ ಮಾಡಿಕೊಳ್ರಿ. ಮೊದ್ಲ ಅಜ್ಜನ್ನ ಕರಕೊಂಡು ಬರೂಣು."

ಶಿಬಿರದ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ನನಗೆ ಬೇಸರವಾಗಿರಬೇಕೆಂದು ಅವನೇ ಮಾತು ತೆಗೆದ. ಅಜ್ಜ ದಿನಾ ಬೆಳಿಗ್ಗೆ ಗುಡಿಗೆ ಹೂವು, ಬಿಲ್ವಪತ್ರೆ ಕೊಡುತ್ತಾರೆ, ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂದ. ನಡುವೆ ಸಹಜವಾಗಿ, ನಿಮಗೆ ಯಾರ ಹೆಸರು ಇಟ್ಟಿದ್ದಾರೆ ಸರ ಎಂದು ಕೇಳಿದ.

ಅಜ್ಜಂದು, ಎಂದೆ. ನನ್ನ ತಂದೆಗೆ? ಅವರ ಅಜ್ಜಂದು. ನಮ್ಮಜ್ಜ ಬದುಕಿದ್ದು ಕಣ್ಣು ತೋರಿಸಲು ಬಂದಿದ್ದರೆ ಅವರನ್ನೂ ನಾನೇ ಅಳಿಸುತ್ತಿದ್ದೆ.

ಮನೆ ಬಾಗಿಲಿಗೆ ಅವನ ತಾಯಿ ಬಂದರು. ನಾನು ಅವಸರದಲ್ಲಿ ಫಕೀರಪ್ಪನವರು ಇದ್ದಾರೆಯೇ ಎಂದೆ. ಆಕೆ ಸೆರಗು ಸರಿಮಾಡಿಕೊಂಡು ನಕ್ಕರು. ಮಾವನ ಹೆಸರು ಸೊಸೆ ಹೇಳುವಂತಿಲ್ಲ. ಅದಕ್ಕೇ ಮಗ ಹುಟ್ಟಿ ಹೆಸರಿಟ್ಟ ದಿನದಿಂದ ಆಕೆ ಅವನನ್ನು ಅಜ್ಜಪ್ಪ ಎಂದೇ ಕರೆಯುವುದು. ಮನೆಯಲ್ಲಿ ಮಾವ ಬೇರೆ, ಅಜ್ಜಪ್ಪ ಬೇರೆ. ಎಂದೂ ಗೊಂದಲವಿಲ್ಲ. ನಾನು ಹುಬ್ಬಳ್ಳಿಗೆ ಹೋಗಿ ಆರು ವಾರ ಕಲಿತು ಬಿಡಿಸಲಾಗದ್ದನ್ನು ಆಕೆ ತೊಟ್ಟಿಲ ಮುಂದೆ ನಿಂತು ಬಿಡಿಸಿಬಿಟ್ಟಿದ್ದರು. ಮೊದಲೇ ಅಡರಕಟ್ಟಿಗೆ ಬಂದು ಈಕೆಯ ಕೈಯ ಚಹಾ ಕುಡಿದಿದ್ದರೆ ಸಾಕಿತ್ತಲ್ಲವೇ?

ಅಜ್ಜ ಪಡಸಾಲೆಯಲ್ಲಿ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದರು. ಕಣ್ಣಿಂದಲ್ಲ, ಕೈಯಿಂದ. ಬೆರಳ ತುದಿಗಳಲ್ಲೆಲ್ಲ ಮುಳ್ಳು ಚುಚ್ಚಿದ ಗಾಯ, ಕೆಲವು ಹಸಿಯಾಗಿದ್ದವು. ಆಪರೇಷನ್ನಿಗೆ ಬರಬೇಕು ಅಜ್ಜಾರ ಎಂದೆ. ಅವರು ಕೈಯಲ್ಲಿದ್ದ ಪತ್ರೆ ಕೆಳಗಿಟ್ಟರು. ಎದ್ದು ರುಮಾಲು ಸುತ್ತಿಕೊಂಡರು.

ಮಂಟಪ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಡಾಕ್ಟರರ ಪೆಟ್ಟಿಗೆಗಳು ಕಾರಿಗೆ ಏರಿದ್ದವು. ಜೋಶಿ ಮಾಸ್ತರರು ಮಾತ್ರ ಕಾರಿನ ಬಾಗಿಲಿಗೆ ಅಡ್ಡ ನಿಂತು, ಡಾಕ್ಟರಿಗೆ ಮೂರನೆಯ ಕಪ್ ಚಹಾ ಕುಡಿಸುತ್ತಿದ್ದರು. ಡಾಕ್ಟರು ನಮ್ಮನ್ನು ನೋಡಿದರು, ಅಜ್ಜನ ಬೆರಳು ನೋಡಿದರು, ಪೆಟ್ಟಿಗೆ ಇಳಿಸಲು ಹೇಳಿದರು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನದಿಂದ ಮಾಸ್ತರರು ನೋಟ್‌ಬುಕ್ಕು ಓದುತ್ತ ಹೋದರು, ನಾನು ಯಾದಿ ನೋಡುತ್ತ ಹೋದೆ. ಶಿರಹಟ್ಟಿ, ಮುಂಡರಗಿ, ಮಲ್ಲಸಮುದ್ರ ಸೇರಿ ಇನ್ನೂ ಏಳು ಅಜ್ಜಂದಿರು ಮೊಮ್ಮಕ್ಕಳ ಕನ್ನಡಕದ ಹಿಂದೆ ಮಾಯವಾಗಿದ್ದರು. ಅವರ ಸಲುವಾಗಿ ಇನ್ನೊಂದು ದಿನ ಬರಬೇಕೆಂದು ಡಾಕ್ಟರಿಗೆ ಕಾಗದ ಬರೆದು, ಒಪ್ಪಿಸಿದ್ದೇವೆ. ಈ ಸಲ ಪೋಸ್ಟ್‌ಕಾರ್ಡಿಲ್ಲ. ನಾವಿಬ್ಬರೇ ಬಸ್ಸು ಹಿಡಿದು ಮನೆಮನೆಗೆ ಹೋಗುತ್ತಿದ್ದೇವೆ. ಚೀಲ ಹೊರುವುದು ನಾನು.

ನಿನ್ನೆ ಅಜ್ಜನನ್ನು ನೋಡಲು ಮಂಟಪಕ್ಕೆ ಹೋಗಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಕಾಗದ ಬರದಿದ್ದಾಗ ಯಾಕೆ ಬಂದು ಕೇಳಲಿಲ್ಲ ಎಂದೆ.

"ಕಂಪ್ಯೂಟರ ಮಿಶನ್ನು ಹೆಸರು ಆರಿಸ್ತೈತಿ ಅಂದ್ರು. ನನ್ನ ವಯಸ್ಸು ನೋಡಿ, ಈ ಮುದುಕಗ ಇನ್ನ ಕಣ್ಣ್ಯಾಕ ಅಂತ ಬಿಟ್ಟಿರಬೇಕು ಅಂದ್ಕೊಂಡೆ. ಹುಡುಗಗ ಚಾಳೀಸು ಕೊಟ್ಟೈತಲ್ಲ, ಅದೂ ಖರೆನ ಐತಿ ಅಂತ ಸುಮ್ಮನ ಕುಂತೆ."

ತಪ್ಪು ಯಂತ್ರದ್ದಲ್ಲ, ನನ್ನದು, ಬರೆದವನು ನಾನೇ ಎಂದು ಒಂದೂ ಬಿಡದೆ ಹೇಳಿದೆ. ಬೈಯುತ್ತಾರೆ, ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಅಜ್ಜ ಕೈ ತಡವಿ ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬಿಡ್ರಿ ಸರ. ಮಿಶನ್ ಮಾಡಿದ್ದನ್ನ ನೀವ್ಯಾಕ ಮೈಮ್ಯಾಲ ಹಾಕ್ಕೋತೀರಿ?"

ನೋಡಿದಿರಾ, ತಪ್ಪು ಒಪ್ಪಿಕೊಂಡರೂ ಜನ ನಂಬದಷ್ಟು ಒಳ್ಳೆಯ ಅಡಗುತಾಣ ಈ ಯಂತ್ರದ ಹಿಂದೆ ನನ್ನಂಥವರಿಗೆ ಸಿಕ್ಕಿಬಿಟ್ಟ ಮೇಲೆ, ನಾಳೆ ನಿಮ್ಮ ಹೆಸರು ಅಳಿಸಿಹೋದರೆ ನೀವು ಯಾರ ಕಾಲರು ಹಿಡಿಯುತ್ತೀರಿ?