ಮುಟ್ಟಿದ ಕಾಯಿ
ಹೊನ್ನಾಳಿಯ ಚೆಸ್ ಟೂರ್ನಮೆಂಟಿಗೆ ಒಂದು ದಿನದ ಸಂಬಳ ಬಿಟ್ಟು ಹೋಗಿ, ಚಹಾ ಬರುವುದರೊಳಗೆ ಸೋತು ಪ್ರೇಕ್ಷಕನಾಗುವುದು ನನ್ನ ವಾಡಿಕೆ. ಸೋಲಿಸುವವರು ಯಾವಾಗಲೂ ಹಾಲಸ್ವಾಮಿಯವರೇ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮ ಅವರಿಗೆ ಪ್ರಾಣ. ಕ್ಯಾಂಟೀನಿನಲ್ಲೂ ಬಿಡುವುದಿಲ್ಲ: “ಮಿರ್ಚಿ ಮುಟ್ಟಿದ್ರಲ್ರೀ, ತಿನ್ರಿ ಮತ್ತೆ.” ಬಟ್ಟೆ ಅಂಗಡಿಯಲ್ಲಿ ತಾವೇ ಕೈತಪ್ಪಿ ಮುಟ್ಟಿದ ಗುಲಾಬಿ ಬಣ್ಣದ ಅಂಗಿಯನ್ನು ಕೊಂಡು, ಇಂದಿಗೂ ತೊಡುತ್ತಾರೆ. ಈ ವರ್ಷದ ಫೈನಲ್‌ನಲ್ಲಿ ಅವರ ಹಳೇ ಎದುರಾಳಿ, ಜಗಳೂರಿನ ಓಬಳೇಶಪ್ಪ, ಗೆಲ್ಲುವ ಹಂತದಲ್ಲಿದ್ದರು. ಕುದುರೆಗೆ ಚಾಚಿದ ಅವರ ಬೆರಳು ಪಕ್ಕದ ರಾಣಿಗೆ ತಗುಲಿತು. ರಾಣಿ ಕದಲಿದರೆ ಕಪ್ ಹಾಲಸ್ವಾಮಿಯವರದು. “ಮುಟ್ಟಿಬಿಟ್ಟೆ ಕಣ್ರೀ,” ಎಂದರು ಓಬಳೇಶಪ್ಪ. ಹಾಲಸ್ವಾಮಿಯವರು ತಲೆ ಎತ್ತಲಿಲ್ಲ. “ಫ್ಯಾನ್ ಗಾಳಿಗೆ ಅಲ್ಲಾಡೈತೆ. ಕುದುರೇನೇ ನಡೆಸ್ರಿ.” ಬೆಳಿಗ್ಗೆಯಿಂದ ಕರೆಂಟೇ ಇರಲಿಲ್ಲ.