ಒಲೆಯ ಮುಖ ನೋಡುವವಳು

ಸಾವಿನ ಮನೆಗೆ ಬಂದರೆ ಖೈರುಬಿ ಹೆಣದ ಮುಖ ನೋಡುವ ಮೊದಲು ಒಲೆಯ ಮುಖ ನೋಡುತ್ತಿದ್ದಳು. ಅಳುವವರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, ಒಳಗೆ ಕಾಲಿಡದೆ, ಕೊಕ್ಕರೆಯ ಹಾಗೆ ಕತ್ತು ಚಾಚುವಳು. ಒಲೆ ತಣ್ಣಗಿದ್ದರೆ ಒಂದು ಮಾತೂ ಆಡದೆ ಬಂದ ದಾರಿಯಲ್ಲೇ ಹೊರಟುಬಿಡುವಳು. ಇದೆಂಥ ಹೆಂಗಸು, ಒಂದು ಹನಿ ಕಣ್ಣೀರಿಲ್ಲ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಗೆ ಊಟ ಬಂದಿರುತ್ತಿತ್ತು.

ಇದಕ್ಕೆ ಅವಳದೇ ಕಾನೂನುಗಳಿದ್ದವು. ಊಟ ತರುವವರು ಮುಂದಿನ ಬಾಗಿಲಿನಿಂದಲೇ ಬರಬೇಕು. "ಹಿತ್ತಲ ಬಾಗ್ಲು ಕಳ್ರಿಗೆ, ಬೆಕ್ಕಿಗೆ," ಎನ್ನುತ್ತಿದ್ದಳು. ಸಾವು ಹೇಗಾಯಿತು, ಎಷ್ಟು ಹೊತ್ತಿಗಾಯಿತು ಎಂದು ಕೇಳಕೂಡದು. ಊಟ ತಂದ ಪಾತ್ರೆಯನ್ನು ಸತ್ತವರ ಮನೆಯವರು ತೊಳೆಯಕೂಡದು. ಕೊಟ್ಟವರೇ ಎಂಜಲು ಪಾತ್ರೆ ಹೊತ್ತುಕೊಂಡು ಹೋಗಿ ಬೆಳಗಿಕೊಳ್ಳಬೇಕು. "ಮುಖ ತೊಳ್ಕಳಾಕೇ ಆಗ್ದೆ ಕುಂತಿರ್ತಾರೆ, ಪಾತ್ರೆ ಬೇರೆ ತೊಳೀಬೇಕಾ ಅವ್ರು?"

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ಆಗ್ನೆಸ್ ನಮಗೆ ಕಂಡೋಲೆನ್ಸ್ ಲೆಟರ್ ಬರೆಯುವುದನ್ನು ಕಲಿಸಿದ್ದರು. ಕಪ್ಪು ಅಂಚಿನ ಕಾಗದ, ನೀಟಾದ ಮಾರ್ಜಿನ್, ಕೊನೆಗೆ ವಿತ್ ಡೀಪೆಸ್ಟ್ ಸಿಂಪಥಿ. ರಾಮನಗರಕ್ಕೆ ಸೊಸೆಯಾಗಿ ಬಂದ ಮೇಲೆ ಅಂಥ ಒಂದು ಕಾಗದವನ್ನೂ ನಾನು ಯಾರಿಗೂ ಬರೆಯಲಿಲ್ಲ. ನಮ್ಮ ಬೀದಿಯಲ್ಲಿ ಯಾರಾದರೂ ಹೋದರೆ ಖೈರುಬಿ ನನ್ನ ಬಾಗಿಲಲ್ಲಿ ನಿಂತು, "ಕಾನ್ವೆಂಟಕ್ಕಾ, ಸಿಲಿಂಡರ್‌ನಾಗೆ ಗ್ಯಾಸೈತಾ?" ಎಂದು ಕೇಳುತ್ತಿದ್ದಳು. ನನಗೆ ಅದೇ ಸಾವಿನ ಸುದ್ದಿ.

ಅವಳ ಮನೆ ನನ್ನ ಮನೆಯ ಎದುರಿಗೆ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಆ ವಾಸನೆ ನಮ್ಮ ಬೀದಿಯ ಗೋಡೆಗಳಿಗೇ ಹತ್ತಿದೆ. ಗಂಡ ಬೇಗ ತೀರಿಕೊಂಡ ಮೇಲೆ ಅವಳೇ ಗೂಡಿನ ಮಾರ್ಕೆಟ್ಟಿಗೆ ಹೋಗಿ ಗಂಡಸರ ನಡುವೆ ನಿಂತು, ಕನಕಪುರ, ಮಾಗಡಿ ಕಡೆಯ ರೈತರು ತಂದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೊಳ್ಳುತ್ತಿದ್ದಳು. ಜೀವಮಾನವೆಲ್ಲ ಸುಡುನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಿದವಳು. ಬೆರಳ ತುದಿಗಳು ನೆನೆಹಾಕಿದ ಅವರೆಕಾಳಿನ ಹಾಗೆ ಬೆಳ್ಳಗಾಗಿ, ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ನಾನಿಲ್ವಂತೆ ಕಣಕ್ಕ," ಎಂದು ಖಾಲಿ ಚೀಲ ಮಡಚುತ್ತ ನಗುವಳು. "ಇಲ್ದೇ ಇರೋಳು ನಿಂತ್ಕಂಡು ಜಗಳ ಆಡ್ತಾವ್ಳೆ ಅಂತ ಅಂಗ್ಡಿಯೋನು ಬೋ ಬಯ್ದ." ದೇಶದಲ್ಲಿ ಯಾರು ನಮ್ಮವರು, ಯಾರಲ್ಲ, ಕಾಗದ ತೋರಿಸಿ ಎಂಬ ಗದ್ದಲ ಎದ್ದಾಗಲೂ ಅದೇ ಜೋಕು ಹೇಳಿದಳು. ಆ ಸಲ ನನಗೆ ನಗು ಬರಲಿಲ್ಲ. ಅವಳಿಗೂ ಬಂದಿರಲಿಲ್ಲ ಅನ್ನಿಸುತ್ತದೆ.

ನನ್ನ ಪಕ್ಕದ ಮನೆ ಜಯಮ್ಮನದು. ಉಯ್ಯಂಬಳ್ಳಿ ಕಡೆಯ ಒಕ್ಕಲು ಮನೆತನ, ಹಿಪ್ಪುನೇರಳೆ ತೋಟ ಇದ್ದವರು. ಅವರು ಬೆಳೆದ ಗೂಡು ವರ್ಷಾನುಗಟ್ಟಲೆ ಬೆಂದದ್ದು ಖೈರುಬಿಯ ಬಿಸಿನೀರಿನಲ್ಲೇ. ಆದರೆ ಖೈರುಬಿಯ ಮನೆಯ ಒಂದು ಲೋಟ ನೀರು ಅವರು ಕುಡಿದದ್ದಿಲ್ಲ. ಜಯಮ್ಮನ ಗಂಡ ಪುಟ್ಟಸ್ವಾಮಿ ಹೋದ ದಿನ ಖೈರುಬಿ ಒಲೆ ನೋಡಿಕೊಂಡು ಬಂದು ನನ್ನ ಜಗಲಿಯ ಮೇಲೆ ಕೂತಳು. ಅಕ್ಕಿ, ಬೇಳೆ, ತರಕಾರಿ ಅವಳದು. ಒಲೆ ನನ್ನದು, ಕೈಯೂ ನನ್ನದು. ಅವಳು ಹೊರಗಿನಿಂದ ಕೂಗಿ ಹೇಳುತ್ತಿದ್ದಳು.

"ಒಸಿ ನೀರು ಬುಡಿ ಅಕ್ಕ. ಅಳೋರ್ಗೆ ಸಾರು ತೆಳ್ಳಗಿರ್ಬೇಕು, ಗಂಟ್ಲಲ್ಲಿ ಇಳೀಬೇಕಲ್ಲ."

"ಒಳಗೆ ಬಂದು ನೀನೇ ಮಾಡಬಾರದೇ?"

"ನಾನು ಕೈ ಹಾಕುದ್ರೆ ಉಣ್ಣಲ್ಲ ಅವ್ರು. ಇವತ್ತು ಅವ್ರು ಉಣ್ಣೋದು ಮುಖ್ಯ."

ವಾಟ್ ನಾನ್‌ಸೆನ್ಸ್ ಎಂದು ಸೌಟಿಗೆ ಕೇಳುವ ಹಾಗೆ ಗೊಣಗಿದೆ. ಜಯಮ್ಮ ಉಂಡಳು. ಯಾರ ಅಕ್ಕಿ ಎಂದು ಅವಳಿಗೂ ಗೊತ್ತಿತ್ತು. ಆಮೇಲೆ ಅದೇ ನಮ್ಮ ಬೀದಿಯ ಪದ್ಧತಿಯಾಯಿತು. ಸಾಬರ ಮನೆಯಲ್ಲಿ ಸಾವಾದರೆ ಖೈರುಬಿಯ ಒಲೆ, ನಮ್ಮವರಲ್ಲಾದರೆ ನನ್ನ ಒಲೆ. ದಿನಸಿ ಯಾವ ಮನೆಯದೋ, ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ನನ್ನ ಮನೆಯ ಸರದಿ ಬಂತು. ನನ್ನ ಮಗಳು ಶೈಲಜಾ ಬಿಡದಿಯಲ್ಲಿ ಟೀಚರ್ ಆಗಿದ್ದಳು. ಮದುವೆ ಒಲ್ಲೆ ಎಂದು ನನ್ನ ಜೊತೆಗೇ ಇದ್ದವಳು, ಮನೆಯಲ್ಲಿ ನಾವಿಬ್ಬರೇ. ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಹೊಸ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ, ಒಂದು ಲಾರಿ. ಹೇಗಾಯಿತು ಎಂದು ಕೇಳಕೂಡದೆಂಬುದು ಖೈರುಬಿಯ ಕಾನೂನು, ಹೇಳಕೂಡದೆಂಬುದು ನನ್ನದು.

ಅವತ್ತು ಅವಳು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಬೇರೆಯವರ ಸಾವಿಗೆಲ್ಲ ಬೇಯಿಸಿದ ಒಲೆಯೇ ಈಗ ತಣ್ಣಗಿತ್ತು. "ಅಕ್ಕಾ, ಯಾರ್ ಒಲೇದು ಉಣ್ತೀಯ?" ಎಂದು ಕೇಳಿದಳು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವಳು ಅವತ್ತಿನಿಂದ ನೀನು ಎಂದಳು. ಅವಳು ತನ್ನ ಒಲೆಯದೇ ತಂದಳು, ಅನ್ನ ಮತ್ತು ತೆಳ್ಳಗಿನ ಸಾರು. ನಾನು ಉಂಡೆ. ಅದನ್ನು ಕಂಡ ನನ್ನ ನಾದಿನಿ ಮುಖ ತಿರುಗಿಸಿಕೊಂಡು ಮೈಸೂರಿನ ಬಸ್ಸು ಹತ್ತಿದಳು. ಸಿಂಪಥಿ ಅವಳದೂ ಡೀಪೆಸ್ಟೇ ಇದ್ದಿರಬೇಕು.

ಮೂರನೆಯ ದಿನ ಖೈರುಬಿ ಬರಿಗೈಯಲ್ಲಿ ಬಂದಳು.

"ಏಳು, ಒಲೆ ಹಚ್ಚು."

"ನಮ್ಮಲ್ಲಿ ಹನ್ನೊಂದು ದಿನ ಸೂತಕ."

"ಸೂತಕ ದೇವ್ರಿಗೆ, ಹೊಟ್ಟೆಗಲ್ಲ. ನಮ್ದು ಮೂರೇ ದಿನ. ಅದ್ರ ಮೇಲೂ ಎದುರುಮನೆಯೋಳು ತಂದು ಉಣ್ಸುದ್ರೆ ಶೈಲು ಏನಂದ್ಕಂಡಾಳು? ನಮ್ಮಮ್ಮ ಇಷ್ಟು ಸೋಮಾರಿ ಅಂತ ಗೊತ್ತೇ ಇರ್ಲಿಲ್ಲ ಅಂತಾಳೆ."

"ಹಚ್ಚಿ ಯಾರಿಗೆ ಮಾಡಲಿ?"

"ನಂಗ್ ಮಾಡು. ನಂಗೂ ಹಸಿವೈತೆ."

ಬೆಂಕಿಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು ಕಾದಳು. ಅವಳಿಗೆ ಉಪ್ಪಿಟ್ಟು ಮಾಡಿದೆ, ಉಪ್ಪು ಮರೆತು. ಅವಳು ತಟ್ಟೆ ಖಾಲಿ ಮಾಡಿ, "ನಾಳೆ ಉಪ್ಪು ಹಾಕು," ಎಂದಳು. ನಾಳೆಯೂ ಬರುತ್ತಾಳೆ ಎಂದು ಅದರಿಂದ ಗೊತ್ತಾಯಿತು.

ಆ ಚಳಿಗಾಲ ಜಯಮ್ಮ ಮಾಗಡಿಯಿಂದ ಸೊಗಡಿನ ಅವರೆಕಾಯಿ ಮೂಟೆ ತರಿಸಿ ನನ್ನ ಜಗಲಿಯ ಮೇಲೆ ಸುರಿದಳು. ಮಧ್ಯಾಹ್ನಗಳಲ್ಲಿ ಮೂವರೂ ಕೂತು, ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿತುಕಿ ಬೇಳೆ ಮಾಡುತ್ತಿದ್ದೆವು. ಜಯಮ್ಮ ಗಂಡನನ್ನು ಬಯ್ಯುತ್ತಿದ್ದಳು, ಸತ್ತ ಮೇಲೂ ಬಿಡದೆ. ಖೈರುಬಿಯ ಕೈಯಿಂದ ಬೇಳೆ ಚಿಮ್ಮಿ ಜಯಮ್ಮನ ಮೂಗಿಗೆ ತಗುಲಿದರೆ, "ಸಾಬರ ಗುರಿ ನೋಡಿ," ಎಂದು ಜಯಮ್ಮ, "ಗೌಡ್ರ ಮೂಗು ಅಷ್ಟು ದಪ್ಪ ಐತೆ, ತಪ್ಪೋದೆಂಗೆ?" ಎಂದು ಇವಳು. ನಾನು ನಕ್ಕೆ. ನಕ್ಕಿದ್ದಕ್ಕೆ ನನಗೇ ಭಯವಾಯಿತು. ಹೋಪ್ ಎನ್ನುವುದು ದೊಡ್ಡ ಮಾತು. ಅದನ್ನು ಕಾನ್ವೆಂಟಿನ ಪ್ರೇಯರಿನಲ್ಲಿ ಬಾಯಿಪಾಠ ಹೇಳಿದವಳು ನಾನು. ಇದು ಅಷ್ಟು ದೊಡ್ಡದಾಗಿರಲಿಲ್ಲ. ಮಧ್ಯಾಹ್ನ ಆಗಲಿ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು, ಅಷ್ಟೇ.

ಅದನ್ನು ಕೆಡಿಸಲು ಒಂದು ಎಲೆಕ್ಷನ್ ಸಾಕಾಯಿತು. ಎಲ್ಲೋ ಒಂದು ಮೆರವಣಿಗೆ, ಯಾರೋ ಎಸೆದ ಕಲ್ಲು, ಎರಡು ದಿನ ಮುಚ್ಚಿದ ಅಂಗಡಿಗಳು, ಬೀದಿಯ ಮೂಲೆಯಲ್ಲಿ ಪೊಲೀಸ್ ವ್ಯಾನು. ಜಯಮ್ಮನ ಮಗ ಮಹೇಶ ಅಷ್ಟರಲ್ಲಿ ಲೀಡರ್ ಆಗಿದ್ದ. ಮನೆಯ ಮುಂದೆ ಒಂದು ಬಾವುಟ, ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಕೆಲಸವಿಲ್ಲದ ಹುಡುಗರು. ಬೀದಿಯ ವಾಟ್ಸ್ಯಾಪ್ ಗ್ರೂಪಿಗೆ ಅವನು ಒಂದು ಫಾರ್ವರ್ಡ್ ಹಾಕಿದ: ಅವರ ಕೈಯ ಊಟ ಮುಟ್ಟಬೇಡಿ, ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅದು ಬಂತು. ಯಾರೂ ಏನೂ ಅನ್ನಲಿಲ್ಲ. ಕೆಲವರು ಕೈಮುಗಿಯುವ ಚಿತ್ರ ಹಾಕಿದರು. ಜಯಮ್ಮ ನನ್ನ ಜಗಲಿಗೆ ಬರುವುದು ನಿಂತಿತು.

ಆ ತಿಂಗಳಲ್ಲೇ ಮೂಲೆಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ತೀರಿಕೊಂಡರು. ಖೈರುಬಿ ಎಂದಿನಂತೆ ತರಕಾರಿ ತಂದಳು, ನಾನು ಬೇಯಿಸಿದೆ, ಹೊತ್ತುಕೊಂಡು ಹೋದೆ. ಅವರ ಮಗ ಬಾಗಿಲಲ್ಲೇ ನಿಂತು, "ಬೇಡಿ ಆಂಟಿ, ದಯವಿಟ್ಟು," ಎಂದ. ತೆಗೆಯದ ಮುಚ್ಚಳದ ಪಾತ್ರೆ ಹಿಡಿದುಕೊಂಡು ಬೀದಿಯುದ್ದಕ್ಕೂ ವಾಪಸ್ಸು ನಡೆದೆ. ಖೈರುಬಿ ಜಗಲಿಯ ಮೇಲೇ ಇದ್ದಳು. ಮುಚ್ಚಳ ನೋಡಿದಳು, ನನ್ನನ್ನು ನೋಡಲಿಲ್ಲ.

"ಇನ್ನು ಮೇಲೆ ಈ ಬೀದಿಯಲ್ಲಿ ಯಾರು ಸತ್ತರೂ ನಾನು ಒಲೆ ಹಚ್ಚುವುದಿಲ್ಲ," ಎಂದೆ. "ಲೆಟ್ ದೆಮ್ ಸ್ಟಾರ್ವ್."

"ಸತ್ತೋರ ಮನೆ ಮೇಲೆ ಸಿಟ್ಟಾ?" ಎಂದಳು. ಅವಳ ದನಿ ಗಡುಸಾಗಿದ್ದುದನ್ನು ಕೇಳಿದ್ದು ಅದೊಂದೇ ಸಲ. "ವಾಪಸ್ ಕಳ್ಸೋದು ಅವ್ರ ಪಾಲಿಂದು. ತಗಂಡೋಗೋದು ನಮ್ ಪಾಲಿಂದು. ನಾಳೆ ತರಕಾರಿ ನೀನೇ ತಗೋ, ನಾನ್ ಬರಲ್ಲ. ಆಗ ಉಣ್ತಾರೆ."

ಹಾಗೇ ಮಾಡಿದೆ. ಉಂಡರು. ಅವಳು ಎದುರು ಬಾಗಿಲಲ್ಲಿ ನಿಂತು ಖಾಲಿ ಪಾತ್ರೆ ವಾಪಸ್ಸು ಬರುವುದನ್ನು ನೋಡಿ ಒಳಗೆ ಹೋದಳು. ಜನ ಅದನ್ನು ದೊಡ್ಡತನ ಎನ್ನುತ್ತಾರೆ. ನನಗೆ ಅದು ದೊಡ್ಡತನದಂತೆ ಕಾಣಲಿಲ್ಲ. ಅವಳದೇ ಬೀದಿಯಲ್ಲಿ ಅವಳನ್ನು ಇಲ್ಲದವಳನ್ನಾಗಿ ಮಾಡಿದ್ದರು. ರೇಷನ್ ಅಂಗಡಿಯ ಮಿಷನ್ನಿಗಾದರೂ ಗೊತ್ತಾಗುತ್ತಿರಲಿಲ್ಲ, ಇವರಿಗೆ ಗೊತ್ತಿತ್ತು.

ಬಿಸಿನೀರಿನ ಹಬೆ, ಸೌದೆಯ ಹೊಗೆ ಅವಳ ಎದೆಯನ್ನು ಮೊದಲೇ ತಿಂದಿದ್ದವು. ಕೊನೆಯ ಸಲ ಮಾತಾಡಿದಾಗ ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸೊಸೆ ನಸೀಮಾ ಬೆನ್ನು ನೀವುತ್ತಿದ್ದಳು.

"ಅಕ್ಕಾ, ನಮ್ಮನೆಗೆ ಯಾರ್ ತತ್ತಾರೆ ಅಂತ ಯೋಚ್ನೆ," ಎಂದಳು.

"ನಾನಿಲ್ಲವೇ?"

"ನೀನೊಬ್ಳು ತಂದ್ರೆ ನೀನೊಬ್ಳು ತಂದಂಗಾಯ್ತು. ಬೀದಿ ತಂದಂಗಾಗಲ್ಲ." ಸ್ವಲ್ಪ ಉಸಿರು ಕೂಡಿಸಿಕೊಂಡು, "ಮೂರೇ ದಿನ ಕಣೇ. ಹನ್ನೊಂದ್ ದಿನ ತಂದ್ಬುಟ್ಟು ನನ್ ಸೊಸೇನ ಸೋಮಾರಿ ಮಾಡ್ಬೇಡ," ಎಂದು ನಸೀಮಾಳನ್ನು ಮೊಣಕೈಯಲ್ಲಿ ತಿವಿದಳು.

ಅವಳು ಹೋದ ಬೆಳಿಗ್ಗೆ ನಾನು ಮೊದಲು ನೋಡಿದ್ದು ಅವಳ ಒಲೆಯನ್ನು. ಬೂದಿ ತಣ್ಣಗಿತ್ತು.

ಅವತ್ತಿನ ಊಟ ನಾನೇ ಮಾಡಿ, ರಸ್ತೆ ದಾಟಿ, ಮುಂದಿನ ಬಾಗಿಲಿನಿಂದ ಕೊಟ್ಟು ಬಂದೆ. ಮಹೇಶನ ಕುರ್ಚಿಗಳಲ್ಲಿದ್ದವರು ತಿರುಗಿ ನೋಡಿದರು. "ಅಜ್ಜಿ ಕೇಟರಿಂಗ್ ಸುರು ಮಾಡ್ಬುಟ್ಟವ್ಳೆ ಕಣ್ಲಾ," ಎಂದನೊಬ್ಬ. ಬೇರೆ ಯಾವ ಮನೆಯಿಂದಲೂ ಏನೂ ಬರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ನನ್ನ ಹಿತ್ತಲ ಬಾಗಿಲು ಸದ್ದಾಯಿತು. ಜಯಮ್ಮ. ಸೆರಗಿನಡಿಯಲ್ಲಿ ಒಂದು ಸ್ಟೀಲ್ ಡಬರಿ.

"ಇತಕಿದ ಬೇಳೆ ಸಾರು. ತೆಳ್ಳಗೇ ಮಾಡಿವ್ನಿ," ಎಂದಳು. "ಅವ್ಳ ಮನೆಗೆ."

"ಎದುರಿಗೇ ಇದೆಯಲ್ಲ ಮನೆ. ನೀನೇ ಕೊಡು."

"ಮಯೇಸ ಮುಂದ್ಗಡೆ ಕುಂತವ್ನೆ. ನಿಮ್ಗಾದ್ರೆ ಕೇಳೋರು ಯಾರವ್ರೆ? ನನ್ನೆಸ್ರು ಮಾತ್ರ ಯೋಳ್ಬ್ಯಾಡಿ."

ಮುಚ್ಚಳ ತೆಗೆಯದೆ ವಾಪಸ್ಸು ಕೊಡಬೇಕೆನಿಸಿತು. ಪೋಸ್ಟ್‌ಮಾಸ್ಟರ್ ಮನೆಯಿಂದ ನಡೆದು ಬಂದ ದಾರಿ ಕಾಲಿಗಿನ್ನೂ ನೆನಪಿತ್ತು. ಆದರೆ ಹಸಿದಿದ್ದವಳು ನಾನಲ್ಲ, ನಸೀಮಾ. ತೆಗೆದುಕೊಂಡೆ.

ನಸೀಮಾ ಮುಚ್ಚಳ ತೆಗೆದಳು. ಸೊಗಡಿನ ಘಮ ಬಂತು. "ಜಯಮ್ಮಾಂಟಿ ಸಾರಲ್ವಾ," ಎಂದಳು. ನಾನು ಹೆಸರು ಹೇಳಲಿಲ್ಲ. ಎರಡು ದಿನದಿಂದ ಕಲ್ಲಿನ ಹಾಗಿದ್ದ ಹುಡುಗಿ ತಟ್ಟೆ ಮುಂದೆ ಕೂತು ಅತ್ತಳು. ಆಮೇಲೆ ಉಂಡಳು.

ಇನ್ನು ಉಳಿದದ್ದು ಎಂಜಲು ಡಬರಿ. ಕೊಟ್ಟವರೇ ತೊಳೆಯಬೇಕೆಂಬುದು ಕಾನೂನು. ನಾನು ಅದನ್ನು ಹಿತ್ತಲಿಗೆ ಒಯ್ಯಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಬಾವುಟದ ಕೆಳಗೆ ಹಾದು, ಕುರ್ಚಿಗಳ ನಡುವೆ ನಿಂತು ಕರೆದೆ: "ಜಯಮ್ಮ, ನಿನ್ನ ಪಾತ್ರೆ."

ಜಯಮ್ಮ ಹೊರಗೆ ಬಂದಳು. ಪಾತ್ರೆ ನೋಡಿದಳು, ಮಗನನ್ನು ನೋಡಿದಳು.

"ನಮ್ದಲ್ಲ," ಎಂದಳು.

ಡಬರಿಯ ಕಂಠದ ಮೇಲೆ, ಮದುವೆಯಲ್ಲಿ ಕೆತ್ತಿಸಿದ ಹೆಸರು: ಪುಟ್ಟಸ್ವಾಮಿ, ಉಯ್ಯಂಬಳ್ಳಿ. ಅಕ್ಷರದ ಸಂದಿಯಲ್ಲಿ ಸಾರು ಒಣಗಿತ್ತು. ಅದನ್ನು ಮಹೇಶನತ್ತ ತಿರುಗಿಸಿ ಹಿಡಿದೆ. ಅವನು ಓದಿದ. ಫೋನಿನ ಕಡೆ ತಲೆ ಬಗ್ಗಿಸಿ, "ನಮ್ದಲ್ಲ ಅಂದ್ಲಲ್ಲಜ್ಜಿ. ಓಗಿ," ಎಂದ. ಅವನ ಅಪ್ಪನ ಹೆಸರನ್ನು ನಾನು ಮನೆಗೆ ತಂದು ತೊಳೆದೆ.

ಮೂರನೆಯ ಬೆಳಿಗ್ಗೆ ಹಿತ್ತಲ ಬಾಗಿಲ ಚಿಲಕಕ್ಕೆ ಒಂದು ಕರಿ ಪ್ಲಾಸ್ಟಿಕ್ ಕವರು ನೇತಾಡುತ್ತಿತ್ತು. ಒಳಗೆ ಹಿತುಕಿದ ಬೇಳೆ, ಒಂದು ಮನೆಗೆ ಸಾಕಾಗುವಷ್ಟು. ಗಂಟೆಗಟ್ಟಲೆ ಒಬ್ಬಳೇ ಕೂತು ಹಿತುಕಿರಬೇಕು. ಈ ಸಲ ಪಾತ್ರೆಯಿಲ್ಲ. ಪ್ಲಾಸ್ಟಿಕ್ ಕವರಿನ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ.

ಅದನ್ನು ಹಿಡಿದುಕೊಂಡು ರಸ್ತೆ ದಾಟಿ, ನಸೀಮಾಳ ಕೈಗೆ ಬೆಂಕಿಪೊಟ್ಟಣ ಕೊಟ್ಟೆ.

"ಯಾರಿಗ್ ಮಾಡ್ಲಿ ಆಂಟಿ?"

"ನನಗೆ ಮಾಡು," ಎಂದೆ. "ನನಗೂ ಹಸಿವು."

ಖೈರುಬಿಯ ಮನೆಗೆ ಈಗ ಬೀಗ ಬಿದ್ದಿದೆ. ನಸೀಮಾ ಗಂಡನ ಜೊತೆ ಚನ್ನಪಟ್ಟಣಕ್ಕೆ, ಅವರ ಜನ ಹೆಚ್ಚಿರುವ ಕಡೆಗೆ ಹೋದಳು. ಜಯಮ್ಮ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾಳೆ. ಡಬರಿ ನನ್ನ ಅಡುಗೆಮನೆಯ ಶೆಲ್ಫಿನಲ್ಲಿದೆ, ಬೆಳಗಿಟ್ಟಿದ್ದೇನೆ. ಮುಂದಿನ ಬಾಗಿಲಿನಿಂದ ಬಂದು ಕೇಳಿದರೆ ಕೊಡುತ್ತೇನೆ.