ಊಟ ಬಿಟ್ಟ ಮೀನು

ಆಫೀಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ನನ್ನ ಗಂಡ ಹಾಲ್‌ನಿಂದ ಕೂಗಿದರು.

“ಸ್ವಲ್ಪ ಬಾ ಇಲ್ಲಿ. ಇವನು ಬಾಯಿಗೆ ತಗೊಂಡು ಉಗೀತಿದಾನೆ.”

ಇವನು ಎಂದರೆ ನಮ್ಮ ಮೀನು. ಸಮುದ್ರದ ಪಫರ್. ಅಂಗೈಗಿಂತ ತುಸು ಉದ್ದ, ಬೂದು ಮೈಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ಮುಖ ಮಾತ್ರ ಥೇಟ್ ನಾಯಿಮರಿಯದು. ಹೆದರಿದರೆ ನೀರು ಕುಡಿದು ಚೆಂಡಿನ ಹಾಗೆ ಊದಿಕೊಳ್ಳುವ ಜಾತಿ. ನವಿ ಮುಂಬೈನ ಸಾನಪಾಡಾದ ನಮ್ಮ ಫ್ಲ್ಯಾಟಿನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಅವನ ಗಾಜಿನ ತೊಟ್ಟಿಯಿತ್ತು. ಇವರು ಪ್ಯಾಕೆಟ್ಟಿನಲ್ಲಿ ಸಿಗುವ ಸಮುದ್ರದ ಉಪ್ಪನ್ನು ಫಿಲ್ಟರ್ ನೀರಿನಲ್ಲಿ ಕರಗಿಸಿ ಅವನಿಗೆ ಬೇಕಾದ ಸಮುದ್ರವನ್ನು ಮನೆಯಲ್ಲೇ ಮಾಡುತ್ತಿದ್ದರು. ಸಂಬಳ ಚೆನ್ನಾಗಿ ಬರುತ್ತಿದ್ದ ಕಾಲದಲ್ಲಿ ನನ್ನ ಗಂಡ ಹಚ್ಚಿಕೊಂಡ ಹುಚ್ಚು ಅದು. ಆಗ ನಾನು ಗೊಣಗಿದ್ದೆ. ಮೈಸೂರಿನಲ್ಲಿ ಮೊಟ್ಟೆಯನ್ನೂ ಒಳಗೆ ತಾರದ ಮನೆಯಲ್ಲಿ ಬೆಳೆದವಳು ನಾನು. ಈ ಮೀನಿಗೋಸ್ಕರ ನಮ್ಮ ಫ್ರೀಜರಿನಲ್ಲಿ ಸಿಗಡಿಯ ಡಬ್ಬಿ ಬಂದು ಕೂತಿತು, ಅಡುಗೆಮನೆಗೆ ಪ್ರತ್ಯೇಕ ಚಾಕು ಬಂತು.

ಆಮೇಲೆ ಅವರ ಕಂಪನಿ ಅವರ ಇಡೀ ತಂಡವನ್ನು ಬೇಡವೆಂದು ಮನೆಗೆ ಕಳಿಸಿತು. ಐವತ್ತರ ಹತ್ತಿರದ ವಯಸ್ಸು. ಮೊದಮೊದಲು ದಿನಾ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಬರಬರುತ್ತಾ ಶರ್ಟು ಹೋಯಿತು, ಗಡ್ಡ ಬಂತು, ಲ್ಯಾಪ್‌ಟಾಪ್ ಮುಚ್ಚಿಯೇ ಇರತೊಡಗಿತು. ಮೀನಿನ ಊಟದ ಹೊತ್ತಿಗೆ ಮಾತ್ರ ಏಳುತ್ತಿದ್ದರು. ಸಿಗಡಿಯ ಸಿಪ್ಪೆ ಸುಲಿದು, ಬೆನ್ನಿನ ಕರಿ ನರ ಎಳೆದು ತೆಗೆದು, ಎಳೆಮಗುವಿಗೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚುತ್ತಿದ್ದರು. ಅವನು ಮೇಲೆ ಬಂದು ಅವರ ಬೆರಳಿನಿಂದಲೇ ಕಸಿದುಕೊಳ್ಳುತ್ತಿದ್ದ. ದಿನದಲ್ಲಿ ಅವರ ಮುಖದಲ್ಲಿ ನಗು ಕಾಣುತ್ತಿದ್ದದ್ದು ಆಗ ಮಾತ್ರ. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಳು. ನಾನು ಐರೋಲಿಯ ಆಫೀಸಿನಲ್ಲಿ. ಹಗಲೆಲ್ಲ ಮನೆಯಲ್ಲಿ ಅವರೂ ಅವನೂ ಇಬ್ಬರೇ.

ಅಂತಹ ಮೀನು ಊಟ ಬಿಟ್ಟಿತು.

ಸಂಜೆ ಬಂದಾಗ ತೊಟ್ಟಿಯ ಪಕ್ಕದಲ್ಲಿ ಪರೀಕ್ಷೆಯ ಗಾಜಿನ ನಳಿಗೆಗಳು ಸಾಲಾಗಿ ನಿಂತಿದ್ದವು. ಉಪ್ಪು ಸರಿಯಾಗಿತ್ತು, ಅಮೋನಿಯ ಇರಲಿಲ್ಲ, ನೀರಿನ ಬಿಸಿಯೂ ಸರಿಯಿತ್ತು. ಮೈಮೇಲೆ ಬಿಳಿ ಚುಕ್ಕೆಯಿಲ್ಲ, ಕಣ್ಣು ಮಸುಕಾಗಿಲ್ಲ, ರೆಕ್ಕೆ ಹರಿದಿಲ್ಲ. ಆದರೂ ನೀರಿನ ಮೂರನೇ ಒಂದು ಭಾಗ ತೆಗೆದು ಹೊಸದು ತುಂಬಿದ್ದರು. ಮಾರನೇ ದಿನವೂ ಅದೇ ಕತೆ. ಅವನು ಆಸೆಯಿಂದ ಬರುತ್ತಿದ್ದ, ಚೂರಿಗೆ ಮೂತಿ ತಾಗಿಸುತ್ತಿದ್ದ, ಒಳಗೆಳೆದುಕೊಂಡ ಹಾಗೆ ಮಾಡಿ ಬಿಟ್ಟುಬಿಡುತ್ತಿದ್ದ. ಚೂರು ತಿರುಗುತ್ತಾ ಮರಳಿಗೆ ಇಳಿಯುತ್ತಿತ್ತು.

ನನ್ನ ಗಂಡ ಡೊಂಬಿವಲಿಯ ಮೀನಿನ ಅಂಗಡಿಗೆ ಹೋದರು. ತಿಂಗಳುಗಟ್ಟಲೆ ಲಿಫ್ಟ್ ಇಳಿಯದ ಮನುಷ್ಯ ಥಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ದಿವಾ ಸ್ಟೇಷನ್ನಿನ ನೂಕುನುಗ್ಗಲು ದಾಟಿಕೊಂಡು ಹೋಗಿ ಬಂದರು. ಅಂಗಡಿಯವನು ಫೋನಿನಲ್ಲಿದ್ದ ವಿಡಿಯೋ ನೋಡಿ, “ಪೇಟ್ ಮೇ ಕೀಡಾ ಹೋಗಾ, ಸಾಬ್,” ಎಂದು ಹೊಟ್ಟೆಹುಳುವಿನ ಔಷಧ ಕೊಟ್ಟಿದ್ದ. ತಿಂಡಿಯಲ್ಲಿ ಬೆರೆಸಿ ಕೊಡಬೇಕಂತೆ. ತಿನ್ನದವನಿಗೆ ತಿಂಡಿಯಲ್ಲಿ ಹೇಗೆ ಕೊಡುವುದು? ನೀರಿಗೇ ಹಾಕಿದೆವು. ಅವನ ಬಣ್ಣ ಕಪ್ಪಿಟ್ಟಿತು. ಗುಂಡಗಿದ್ದ ಹೊಟ್ಟೆ ಒಳಕ್ಕೆ ಸೇರಿ, ಪಕ್ಕದಿಂದ ನೋಡಿದರೆ ತಲೆ ಮಾತ್ರ ದೊಡ್ಡದಾಗಿ ಕಾಣತೊಡಗಿತು.

ಅವನ ಜೊತೆ ಇವರೂ ಊಟ ಬಿಟ್ಟರು. ಬೆಳಗ್ಗೆ ಮುಚ್ಚಿಟ್ಟು ಹೋದ ಅನ್ನ ಸಂಜೆ ಹಾಗೇ ಇರುತ್ತಿತ್ತು. “ಹಸಿವಿರ್ಲಿಲ್ಲ,” ಎನ್ನುತ್ತಿದ್ದರು. ಒಂದು ಸಲ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಇದೊಂದನ್ನಾದರೂ ಉಳಿಸ್ಕೊಳ್ಳೋಕೆ ಆಗ್ದೆ ಹೋದ್ರೆ ನಾನ್ಯಾಕೆ ಇರೋದು,” ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೇಳಿಸಲಿಲ್ಲವೆಂಬಂತೆ ನಲ್ಲಿ ಜೋರಾಗಿ ತಿರುಗಿಸಿದೆ. ಆಮೇಲೆ ಆಫೀಸಿನಲ್ಲಿ ಕೂತರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಫೋನು ಮಾಡುತ್ತಿದ್ದೆ. “ಅವನು ಹೇಗಿದಾನೆ?” ಎಂದೇ ಕೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಇವರ ದನಿ. ಅವರು ಫೋನು ಎತ್ತುವುದು ತಡವಾದರೆ ಕಟ್ ಮಾಡಿ ಮತ್ತೆ ಮಾಡುತ್ತಿದ್ದೆ.

ಒಂದು ಸಂಜೆ ಬಾಗಿಲು ತೆರೆದಾಗ ಅವರು ತೊಟ್ಟಿಯ ಮುಚ್ಚಳ ತೆಗೆದು, ಕೈಯಲ್ಲೊಂದು ನೀಲಿ ಬಾಟಲಿ ಹಿಡಿದು ನಿಂತಿದ್ದರು.

“ಏನ್ರೀ ಅದು?”

“ತಾಮ್ರದ ಔಷಧ. ಅಂಗಡಿಯವನು ಕೊರಿಯರ್‌ನಲ್ಲಿ ಕಳಿಸಿದ. ಕಿವಿರಲ್ಲಿ ಪ್ಯಾರಾಸೈಟ್ ಇರಬಹುದಂತೆ.”

ನಾನು ಚೀಲ ಎಸೆದು ಓಡಿ ಹೋಗಿ ಅವರ ಕೈ ಹಿಡಿದೆ. ಟ್ರೇನಿನಲ್ಲಿ ನಿಂತೇ ದಿನಾ ಫೋನಿನಲ್ಲಿ ಈ ಮೀನಿನ ಬಗ್ಗೆ ಓದುತ್ತಿದ್ದೆನಲ್ಲ. ಹುರುಪೆಯಿಲ್ಲದ ಈ ಜಾತಿಯ ಮೀನಿಗೆ ತಾಮ್ರ ತಡೆಯುವುದಿಲ್ಲ, ಎಷ್ಟೋ ಸಲ ಅದರಿಂದಲೇ ಸಾಯುತ್ತದೆ ಎಂದು ತಿಳಿದಿತ್ತು.

“ಹಾಕ್ಬೇಡಿ. ರೋಗ ಏನು ಅಂತಾನೇ ಗೊತ್ತಿಲ್ಲ. ಇದು ವಿಷ ಅವನಿಗೆ.”

“ಮತ್ತೇನ್ ಮಾಡ್ಲಿ ಹೇಳು? ದಿನಾ ಇದರ ಮುಂದೆ ಕೂತು ಸಾಯೋದನ್ನ ನೋಡ್ತಾ ಇರ್ಲಾ? ನೀನು ಬೆಳಗ್ಗೆ ಎದ್ದು ಹೋಗ್ತೀಯ. ನೋಡೋನು ನಾನು!”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಹಾಗೆ ಕೂಗಿದ್ದಿಲ್ಲ. ನಾನು ಬಾಟಲಿ ಕಿತ್ತುಕೊಳ್ಳಲು ಹೋದಾಗ ಔಷಧ ಅರ್ಧ ನೆಲಕ್ಕೆ ಚೆಲ್ಲಿತು. ಅವರು ಸೋಫಾದಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ನೆಲ ಒರೆಸುತ್ತಾ ನಾನು ಹೇಳಿದೆ, “ನಾಳೆ ಸಂಜೆಯವರೆಗೆ ತಡೀರಿ. ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ.”

ಮರುದಿನ ಆಫೀಸು ಬಿಟ್ಟು ಥಾಣೆಗೆ ಹೋದೆ. ಸ್ಟೇಷನ್ನಿನ ಹತ್ತಿರದ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕುಗಳ ನಡುವೆ ನಾನೊಬ್ಬಳು ಫೋನು ಹಿಡಿದು ಕೂತಿದ್ದೆ. ನನ್ನ ಸರದಿ ಬಂದಾಗ ವೈದ್ಯರು ವಿಡಿಯೋ ನೋಡಿ, ಮೀನಿನ ವಿಷಯ ತಮಗೆ ತಿಳಿಯದು ಎಂದು ಕೈಚೆಲ್ಲಿದರು. ಏಳಲಾಗದೆ ಕೂತೇ ಇದ್ದೆ. ಕಣ್ಣಲ್ಲಿ ನೀರು ಬಂದಿತ್ತೋ ಏನೋ, ಅವರು ವಿಡಿಯೋವನ್ನು ಇನ್ನೊಮ್ಮೆ ಓಡಿಸಿ ನೋಡಿದರು.

“ಮ್ಯಾಡಮ್, ಇಸ್ಕೋ ಭೂಖ್ ನಹೀ ಹೈ, ಯಾ ಖಾ ನಹೀ ಪಾ ರಹಾ? ಪೆಹಲೇ ವೋ ದೇಖಿಯೇ.”

ಹಸಿವಿಲ್ಲವೋ, ಹಸಿವಿದ್ದೂ ತಿನ್ನಲಾಗುತ್ತಿಲ್ಲವೋ, ಮೊದಲು ಅದನ್ನು ನೋಡಬೇಕಂತೆ. ವಾಪಸು ಬರುವ ಗಾಡಿಯಲ್ಲಿ ಅದನ್ನೇ ಯೋಚಿಸಿದೆ. ಅವನು ಪ್ರತಿ ಸಲವೂ ಚೂರಿನ ಹತ್ತಿರ ಬರುತ್ತಿದ್ದ. ಹಸಿವಿಲ್ಲದವನು ಯಾಕೆ ಬರುತ್ತಾನೆ?

ಮನೆಗೆ ಬಂದವಳೇ ಟಾರ್ಚು ಹಿಡಿದು ಗಾಜಿಗೆ ಮುಖವಿಟ್ಟು ಕೂತೆ. ಇವರಿಗೆ ಸಿಗಡಿ ಚೂರು ಹಿಡಿಯಲು ಹೇಳಿ, ಅವನ ಬಾಯನ್ನು ಹತ್ತಿರದಿಂದ ಸ್ಲೋ ಮೋಷನ್ನಿನಲ್ಲಿ ತೆಗೆದೆ. ಪಫರ್‌ಗೆ ನಮ್ಮ ಹಾಗೆ ಬಿಡಿ ಹಲ್ಲಿಲ್ಲ; ಗಿಳಿಯ ಕೊಕ್ಕಿನಂತೆ ಮೇಲೊಂದು ಕೆಳಗೊಂದು ಗಟ್ಟಿ ತಟ್ಟೆ. ಮೇಲಿನದು ಬೆಳೆದ ಉಗುರಿನ ಹಾಗೆ ಕೆಳತುಟಿಯನ್ನೂ ದಾಟಿ ಇಳಿದಿತ್ತು. ಬಾಯಿ ಒಂದು ಸೀಳಿನಷ್ಟು ತೆರೆದು ಅಲ್ಲಿಗೇ ನಿಲ್ಲುತ್ತಿತ್ತು.

“ರೀ, ಬಾಯಿ ತೆಗೆಯೋಕೆ ಆಗ್ತಿಲ್ಲ ಅವನಿಗೆ. ಹಲ್ಲು ನೋಡಿ.”

“ಅದು ಮೊದಲಿಂದ ಹಾಗೇ ಇದೆ.”

ಅವರ ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದೆ. ಅದರಲ್ಲಿ ತುಟಿಯಾಚೆಗೆ ಬಿಳಿಯ ಅಂಚು ಮಾತ್ರ ಕಾಣುತ್ತಿತ್ತು. ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ನಾನು ಓದಿದ್ದನ್ನು ಹೇಳಲೇಬೇಕಾಯಿತು: ಈ ಮೀನಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ, ಸಮುದ್ರದಲ್ಲಿ ಚಿಪ್ಪು ಒಡೆದು ತಿನ್ನುವುದರಿಂದ ಸವೆಯುತ್ತದೆ.

“ಅಂದ್ರೆ ಸಿಪ್ಪೆ ಸುಲಿದು ಕೊಟ್ಟಿದ್ದಕ್ಕೆ?” ಎಂದರು. ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿ ಬೆರಳನ್ನು ಪಂಚೆಗೆ ಒರೆಸಿದರು, ಒರೆಸುತ್ತಲೇ ಇದ್ದರು.

ಹಲ್ಲು ಕತ್ತರಿಸಬೇಕಿತ್ತು. ಥಾಣೆಯ ವೈದ್ಯರಿಗೆ ಫೋನು ಮಾಡಿದರೆ ಅಂಥದ್ದು ಎಂದೂ ಮಾಡಿಲ್ಲವೆಂದರು. ಅಂಗಡಿಯವನು ಹೊಸ ಮೀನು ತೆಗೆದುಕೊಳ್ಳಿ ಎಂದ. ಕೊನೆಗೆ ನಮ್ಮ ಕಟ್ಟಡದ ಕೆಳಗೇ ಕ್ಲಿನಿಕ್ ಇಟ್ಟುಕೊಂಡಿದ್ದ ದಂತವೈದ್ಯೆಯ ಬಾಗಿಲು ತಟ್ಟಿದೆ. ಮಂಗಳೂರು ಕಡೆಯವರು, ಮನೆಯಲ್ಲಿ ತುಳು ಆಡುವವರು, ನನಗೆ ಲಿಫ್ಟಿನಲ್ಲಿ ನಕ್ಕು ಮಾತಾಡುವಷ್ಟು ಪರಿಚಯ.

“ಎಂತದು? ಮೀನಿನ ಹಲ್ಲಾ?” ಅವರಿಗೆ ನಗು ಬಂತು. “ಮೀನು ಕೊಯ್ದು ಗೊತ್ತುಂಟು ಮಾರಾಯ್ರೆ, ಹಲ್ಲು ಕೊಯ್ದು ಗೊತ್ತಿಲ್ಲ.”

ನಾನು ನಗಲಿಲ್ಲ. “ಡಾಕ್ಟ್ರೇ, ಅದು ಸತ್ರೆ ನಮ್ಮನೆಯವರು…” ಎಂದು ಅಲ್ಲಿಗೇ ನಿಂತೆ. ಅವರು ನನ್ನ ಮುಖ ನೋಡಿದರು. ಮಧ್ಯಾಹ್ನ ಪೇಶಂಟುಗಳಿಲ್ಲದ ಹೊತ್ತಿನಲ್ಲಿ ಬರುತ್ತೇನೆಂದರು. ನಾನು ರಜೆ ಹಾಕಿದೆ.

ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯ ಬಾಟಲಿ, ಹಲ್ಲಿಗೆ ಕ್ಲಿಪ್ ಹಾಕುವಾಗ ತಂತಿ ಕತ್ತರಿಸುವ ಸಣ್ಣ ಕಟರ್, ಎರಡನ್ನೂ ತಂದರು. ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಮಂಪರು ಬರುತ್ತದೆ. ಹೆಚ್ಚಾದರೆ ಮತ್ತೆ ಏಳುವುದಿಲ್ಲ. ಹೆಚ್ಚು ಎಂದರೆ ಎಷ್ಟು ಎಂಬುದು ಮೂವರಿಗೂ ಖಾತ್ರಿಯಿರಲಿಲ್ಲ. “ಕಡಿಮೆ ಹಾಕಿ ನೋಡುವ,” ಎಂದು ಎಣ್ಣೆಯನ್ನು ಬಾಟಲಿ ನೀರಿನಲ್ಲಿ ಕುಲುಕಿ, ತೊಟ್ಟಿಯ ನೀರು ತುಂಬಿದ ಟಬ್ಬಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದರು. ಇವರು ಮೀನನ್ನು ನೀರಿನೊಳಗೇ ಡಬ್ಬಿಯಲ್ಲಿ ಹಿಡಿದು ತಂದು ಬಿಟ್ಟರು. ಅವನು ಊದಿಕೊಳ್ಳಲೂ ಇಲ್ಲ. ಅಷ್ಟು ಶಕ್ತಿ ಉಳಿದಿರಲಿಲ್ಲ. ಒಂದು ಸುತ್ತು ಈಜಿದ, ವಾಲಿದ, ಮಗ್ಗುಲಾಗಿ ತಳಕ್ಕೆ ಇಳಿದ. ಹಾಲ್ ತುಂಬ ಲವಂಗದ ವಾಸನೆ.

“ಹಿಡ್ಕೊಳ್ಳಿ ಸರ್. ಕಿವಿರು ನೀರೊಳಗೇ ಇರ್ಲಿ, ಬಾಯಿ ಮಾತ್ರ ಮೇಲೆ.”

ಒದ್ದೆ ಬಟ್ಟೆಯಲ್ಲಿ ಸುತ್ತಿ ಇವರು ಹಿಡಿದರು. ನಾನು ಟಾರ್ಚು ಹಿಡಿದೆ. ಕಟರ್ ಮೊದಲ ಸಲ ಜಾರಿತು. ಎರಡನೇ ಸಲ ಟಕ್ಕೆಂದು ಒಂದು ಚೂರು ಹಾರಿ ನನ್ನ ಕೆನ್ನೆಗೆ ಬಡಿಯಿತು. ಇನ್ನೊಂದು ಕಡೆಯದು ಗಟ್ಟಿಯಿತ್ತು. ಡಾಕ್ಟರ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಉಸಿರಾಡ್ತಾ ಉಂಟಾ? ನೋಡಿ, ನೋಡಿ!”

ಕಿವಿರು ನಿಂತುಹೋಗಿತ್ತು. ಅವರು ಉಳಿದ ತುದಿಯನ್ನು ಒಂದೇ ಏಟಿಗೆ ಕತ್ತರಿಸಿ, “ಬೇಗ, ಒಳಗೆ ಬಿಡಿ!” ಎಂದು ಕೂಗಿದರು. ಇವರು ಭುಜದವರೆಗೆ ತೋಳು ತೊಟ್ಟಿಯಲ್ಲಿ ಮುಳುಗಿಸಿ, ಪಂಪಿನಿಂದ ನೀರು ನುಗ್ಗುವ ಜಾಗದಲ್ಲಿ ಅವನ ಬಾಯಿ ಬರುವ ಹಾಗೆ ಹಿಡಿದು ನಿಂತರು. ಅವನು ಕೈಯಲ್ಲಿ ಬಟ್ಟೆಯ ತುಂಡಿನಂತೆ ಬಿದ್ದಿದ್ದ. ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಏನೂ ಇಲ್ಲ. ಡಾಕ್ಟರಿಗೆ ಕೆಳಗಿನಿಂದ ಕರೆ ಬಂತು, ಪೇಶಂಟು ಕಾಯುತ್ತಿದ್ದರು. ಅವರು ನನ್ನ ಭುಜ ಒತ್ತಿ ಹೋದರು.

“ಸಾಕು ಬಿಡ್ರೀ,” ಎಂದೆ ಎಷ್ಟೋ ಹೊತ್ತಿನ ಮೇಲೆ.

“ಬಿಡಲ್ಲ.” ಅವರು ಇನ್ನಷ್ಟು ಬಾಗಿದರು. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ. ಸತ್ತಿದ್ದಾನೆಂದೇ ನಾನು ತೀರ್ಮಾನಿಸಿದ್ದೆ. ಇವರ ಕೈಯನ್ನು ನೀರಿನಿಂದ ಹೇಗೆ ಹೊರಗೆ ತೆಗೆಸುವುದು, ನಾಳೆ ಇವರನ್ನು ಮನೆಯಲ್ಲಿ ಒಬ್ಬರನ್ನೇ ಹೇಗೆ ಬಿಟ್ಟುಹೋಗುವುದು ಎಂದು ಯೋಚಿಸುತ್ತಿದ್ದೆ.

“ಆಡಿತು,” ಎಂದರು.

ನನಗೆ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಕಿವಿರು ಇನ್ನೊಮ್ಮೆ ಅಲುಗಿದಾಗ ಕಂಡಿತು. ಆಮೇಲೆ ಒಂದು ಕಣ್ಣು ಹೊರಳಿತು.

ಅವನು ಅವತ್ತು ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಕಲ್ಲಿನ ಹಿಂದೆ ಬಿದ್ದೇ ಇದ್ದ. ಅಷ್ಟು ಮಾಡಿಯೂ ಕೈತಪ್ಪುತ್ತಾನೆಂದು ಇಬ್ಬರಿಗೂ ಅನ್ನಿಸಿತ್ತು. ಮುಂದಿನ ವಾರ ನಾನು ಮೀಟಿಂಗಿನಲ್ಲಿದ್ದಾಗ ಇವರ ಫೋನು ಬಂತು. ಹೊರಗೆ ಓಡಿ ಬಂದು ಎತ್ತಿದರೆ ಅಳು ಮಾತ್ರ ಕೇಳಿಸುತ್ತಿತ್ತು.

“ಏನಾಯ್ತು? ರೀ, ಏನಾಯ್ತು ಹೇಳಿ!”

“ನುಂಗಿದ,” ಎಂದರು. “ಒಂದು ಚೂರು. ಉಗೀಲಿಲ್ಲ.”

ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ. “ನೀವೂ ಏನಾದ್ರೂ ತಿನ್ನಿ,” ಎಂದೆ.

ಇವರಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಒಂದೆರಡು ಇಂಟರ್‌ವ್ಯೂಗೆ ಹೋಗಿ ಬಂದರು, ಅಲ್ಲಿಂದ ಮತ್ತೆ ಸುದ್ದಿಯಿಲ್ಲ. ಕೆಲವು ದಿನ ಬೆಳಗ್ಗೆ ಇಂದಿಗೂ ಏಳಲು ಒಲ್ಲೆನೆನ್ನುತ್ತಾರೆ, ನಾನು ಇಂದಿಗೂ ಆಫೀಸಿನಿಂದ ಫೋನು ಮಾಡುತ್ತೇನೆ. ಆದರೆ ಎರಡು ದಿನಕ್ಕೊಮ್ಮೆ ಚೀಲ ಹಿಡಿದು ಮೀನಿನ ಮಾರ್ಕೆಟ್ಟಿಗೆ ಹೋಗುತ್ತಾರೆ. ಅಲ್ಲಿಯವರು ತಿಸ್ರ್ಯಾ ಎನ್ನುವ, ನಮ್ಮ ದಂತವೈದ್ಯೆ ಮರುವಾಯಿ ಎನ್ನುವ ಚಿಪ್ಪುಮೀನುಗಳನ್ನು ಒಂದೊಂದಾಗಿ ಆರಿಸಿ ತರುತ್ತಾರೆ. ಮೀನು ಮಾರುವ ಹೆಂಗಸರ ಜೊತೆ ಹರುಕು ಮರಾಠಿಯಲ್ಲಿ ಜಗಳವಾಡಿ ಬಂದ ದಿನ ಅದನ್ನು ನನಗೆ ವಿವರವಾಗಿ ಹೇಳುತ್ತಾರೆ. ಭಾನುವಾರ ನಾನು ಸೊಪ್ಪು ಸೋಸುತ್ತಾ ಕೂತಿರುವಾಗ ತೊಟ್ಟಿಯೊಳಗಿಂದ ಚಿಪ್ಪು ಒಡೆಯುವ ಸದ್ದು ಕೇಳುತ್ತದೆ, ಯಾರೋ ಅಡಿಕೆ ಕತ್ತರಿಸಿದ ಹಾಗೆ.